ಓದುವ ಮಗುವಿನ ತಪ್ಪು ಮತ್ತು ನಮ್ಮ ತೀರ್ಪು

ಆದಿತೀರ್ಥಂಕರ ವೃಷಭದೇವನು ತನ್ನ ಪುತ್ರಿಯರಾದ ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಉಪದೇಶಿಸಿದನೆಂಬುದು ಪುರಾಣಪ್ರಸಿದ್ಧ ಸಂಗತಿ. ಅಕ್ಷರವನ್ನು ಇಷ್ಟು ಗೌರವಿಸುವ ನಾವು, ಅದನ್ನು ಈಗಷ್ಟೇ ಕಲಿಯುತ್ತಿರುವ ಮಗು ತಪ್ಪಾಗಿ ಓದಿದಾಗ ಹೇಗೆ ನಡೆದುಕೊಳ್ಳಬೇಕು? ತಪ್ಪನ್ನು ಎತ್ತಿ ತೋರಿಸಿದರೆ ಮಗುವಿನ ಮನಸ್ಸು ನೋಯುತ್ತದೆ; ಮುಚ್ಚಿಟ್ಟರೆ ಸತ್ಯಕ್ಕೆ ಲೋಪ ಬರುತ್ತದೆ. ಅಹಿಂಸೆ, ಸತ್ಯಗಳೆರಡನ್ನೂ ಅಣುವ್ರತವಾಗಿ ಸ್ವೀಕರಿಸಿದ ಶ್ರಾವಕನಿಗೆ ಇದು ಸಣ್ಣ ಪ್ರಶ್ನೆಯಲ್ಲ.

'ಅಜ್ಜಿ ಸಂತೆಯಿಂದ ಬಂದಳು' ಎಂಬ ವಾಕ್ಯವನ್ನು ನಾಲ್ಕು ಮಕ್ಕಳು ಓದಿದರೆಂದು ಭಾವಿಸೋಣ. ಮೊದಲನೆಯ ಮಗು 'ಅಜಿ ಸತೆಯಿದ ಬದಳು' ಎನ್ನುತ್ತದೆ. ಎರಡನೆಯದು 'ಅಜ್ಜಿ ಸಂತೆಗೆ ಹೋದಳು' ಎನ್ನುತ್ತದೆ. ಮೂರನೆಯದು ನಿರ್ದೋಷವಾಗಿ ಓದಿ, ಅಜ್ಜಿ ಎಲ್ಲಿಂದ ಬಂದಳೆಂದರೆ ಸುಮ್ಮನಾಗುತ್ತದೆ. ನಾಲ್ಕನೆಯದು 'ಬಂದನು' ಎಂದು ಓದಿ, ತಡೆದು, ತಾನಾಗಿಯೇ 'ಬಂದಳು' ಎಂದು ತಿದ್ದಿಕೊಳ್ಳುತ್ತದೆ. ಬರಿಯ ಅಂಕ ಕೊಡುವವನು ಮೂರನೆಯ ಮಗುವನ್ನು ಮೇಲಕ್ಕಿಟ್ಟು ಉಳಿದವರನ್ನು ಕೆಳಗಿಡುತ್ತಾನೆ. ಆದರೆ ಮೊದಲನೆಯದಕ್ಕೆ ಬೇಕಾದದ್ದು ಒತ್ತಕ್ಷರ ಮತ್ತು ಅನುಸ್ವಾರಗಳ ಪಾಠ. ಎರಡನೆಯದಕ್ಕೆ, ಊಹೆಯನ್ನು ಬಿಟ್ಟು ಅಕ್ಷರದ ಮೇಲೆ ಕಣ್ಣಿಡುವ ಅಭ್ಯಾಸ. ಮೂರನೆಯದಕ್ಕೆ ಅರ್ಥದ ಸಂಭಾಷಣೆ. ನಾಲ್ಕನೆಯ ಮಗು ತನ್ನ ಓದನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದೆ. ಅದಕ್ಕೆ ಬೇಕಾದದ್ದು ಗುರುವಿನ ಕ್ಷಣಕಾಲದ ಮೌನ.

ತಪ್ಪುಗಳನ್ನು ಹೀಗೆ ವಿವೇಚಿಸುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಕೆನೆತ್ ಗುಡ್‌ಮನ್ ಮತ್ತು ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದರು. ಮಗು ಓದುತ್ತಿರುವಾಗ ಕ್ಲೇ ಪದ್ಧತಿಯ ಶಿಕ್ಷಕನು ಸರಿಯಾದ ಪದಕ್ಕೊಂದು ಗುರುತು ಹಾಕುತ್ತಾನೆ. ತಪ್ಪಿದಲ್ಲಿ ಮಗು ಆಡಿದ ಪದವನ್ನೇ ಬರೆದುಕೊಳ್ಳುತ್ತಾನೆ. ತಾನೇ ತಿದ್ದಿಕೊಂಡದ್ದನ್ನು ಪ್ರತ್ಯೇಕವಾಗಿ ಗುರುತಿಸುತ್ತಾನೆ. ಸಂದರ್ಭದಿಂದ ಪದವನ್ನು ಊಹಿಸಲು ಕಲಿಸಬೇಕೆಂಬ ಅವರ ವಾದವನ್ನು ಮಾತ್ರ ಅನಂತರದ ಸಂಶೋಧನೆ ಒಪ್ಪಿಲ್ಲ. ಇಂಗ್ಲೆಂಡಿನಲ್ಲಿ 2006ರ ರೋಸ್ ವರದಿ ಅಕ್ಷರ-ಧ್ವನಿ ಸಂಬಂಧದ ಬೋಧನೆಗೇ ಪ್ರಥಮಸ್ಥಾನ ಕೊಟ್ಟಿತು. ನಮ್ಮ ಕನ್ನಡದಲ್ಲಿ ಅಕ್ಷರಸಮೂಹದ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಆದ್ದರಿಂದ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ಮಂದಬುದ್ಧಿಯ ಲಕ್ಷಣವಲ್ಲ.

ನಮ್ಮ ಆಚಾರ್ಯರಿಗೆ ಈ ವಿವೇಕ ಅಪರಿಚಿತವಲ್ಲ. ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯವು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳುತ್ತದೆ. ಕಂಡದ್ದನ್ನು ಗ್ರಹಿಸುವುದು, ವಿಚಾರಿಸುವುದು, ನಿಶ್ಚಯಿಸುವುದು, ಮರೆಯದಿರುವುದು ಬೇರೆಬೇರೆಯಾದರೆ, ಎಡವುವ ಸ್ಥಳವೂ ಬೇರೆಬೇರೆ. ಹಾಗೆಯೇ ಜ್ಞಾನಾಚಾರದ ಎಂಟು ಅಂಗಗಳಲ್ಲಿ ವ್ಯಂಜನಾಚಾರ, ಅರ್ಥಾಚಾರ, ಉಭಯಾಚಾರಗಳು ಪ್ರತ್ಯೇಕವಾಗಿ ಎಣಿಸಲ್ಪಟ್ಟಿವೆ. ಅಕ್ಷರಶುದ್ಧಿಯೊಂದೇ ಸಾಲದು, ಅರ್ಥಶುದ್ಧಿಯೊಂದೇ ಸಾಲದು, ಎರಡೂ ಕೂಡಬೇಕು.

ವ್ಯಾಪಾರಿಗಳಿಗೆ ಪರಿಚಿತವಾದ ದೃಷ್ಟಾಂತವೊಂದಿದೆ. ಜಮಾ-ಖರ್ಚಿನ ವ್ಯತ್ಯಾಸವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, 45ರ ಬದಲು 54 ಬರೆದಂತೆ ಎಲ್ಲೋ ಅಂಕಿ ತಿರುವುಮುರುವಾಗಿರಬಹುದೆಂದು ಅನುಭವಿ ಗುಮಾಸ್ತನು ಶಂಕಿಸುತ್ತಾನೆ. ವ್ಯತ್ಯಾಸವೇ ಅವನಿಗೆ ದಾರಿ ತೋರಿಸುತ್ತದೆ. ಲೆಕ್ಕಪುಸ್ತಕಕ್ಕೆ ತೋರುವ ಈ ತಾಳ್ಮೆಯನ್ನು ಮಗುವಿಗೆ ತೋರದಿದ್ದರೆ ನಮ್ಮ ಧರ್ಮಬುದ್ಧಿಗೆ ಏನು ಬೆಲೆ?

ಅನೇಕಾಂತದ ಹೆಸರಿನಲ್ಲಿ ಎಲ್ಲ ಓದೂ ಸರಿಯೆನ್ನುವುದು ಸಲ್ಲದು. 'ಬದಳು' ತಪ್ಪೇ; ಅದನ್ನು ತಪ್ಪೆನ್ನುವುದು ಹಿಂಸೆಯಲ್ಲ. ಒಂದು ಪರೀಕ್ಷೆಯ ಅಂಕ ಒಂದು ನಯ ಮಾತ್ರ. ಅದನ್ನೇ ಮಗುವಿನ ಸಂಪೂರ್ಣ ಸ್ವರೂಪವೆಂದು 'ದಡ್ಡ'ನೆಂಬ ಮುದ್ರೆಯೊತ್ತುವುದು ಏಕಾಂತ. ಹಿಂಸೆ ಇರುವುದು ಇಲ್ಲಿ. ಮತ್ತೊಬ್ಬರ ಜ್ಞಾನಕ್ಕೆ ಅಂತರಾಯ ಒಡ್ಡುವುದು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂದು ಅದೇ ಗ್ರಂಥದ ಆರನೆಯ ಅಧ್ಯಾಯ ಎಚ್ಚರಿಸುತ್ತದೆ. ನಿಂದೆಯಿಂದ ಓದೇ ಬೇಡವೆನಿಸುವವನೂ, ಹುಸಿ ಹೊಗಳಿಕೆಯಿಂದ ದೋಷವನ್ನು ಉಳಿಸುವವನೂ ಅಂತರಾಯಕಾರಕರೇ.

ನಮ್ಮ ಪಾಠಶಾಲೆಗಳಲ್ಲಿ ಪ್ರತಿ ಮಗುವನ್ನೂ ಆಗಾಗ ಒಂಟಿಯಾಗಿ ಕೂರಿಸಿಕೊಂಡು ನೂರು ಪದಗಳಷ್ಟು ಓದಿಸಿ ಕೇಳೋಣ. ತಡೆದಾಗ ಸ್ವಲ್ಪ ಕಾಯೋಣ, ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಳ್ಳೋಣ, ಅರ್ಥವನ್ನು ವಿಚಾರಿಸೋಣ, ಮರುದಿನದ ಪಾಠವನ್ನು ಆ ಬರಹದಿಂದಲೇ ನಿರ್ಧರಿಸೋಣ. ತಪ್ಪುಗಳ ಆ ಪಟ್ಟಿಯನ್ನು ಇತರರೆದುರು ಓದದಿರೋಣ. ಹತ್ತು ನಿಮಿಷದ ಈ ಶ್ರವಣವೂ ಜ್ಞಾನದಾನವೇ ಸರಿ.