ಮಾದರಿಯಲ್ಲಿ ಇಲ್ಲದ ಚಂದ್ರ

1960ರ ಅಕ್ಟೋಬರ್ 5ರಂದು ಗ್ರೀನ್‌ಲ್ಯಾಂಡಿನ ಥೂಲೆಯಲ್ಲಿದ್ದ ಅಮೆರಿಕದ ರೇಡಾರ್, ಸೋವಿಯತ್ ಕ್ಷಿಪಣಿಗಳು ಬರುತ್ತಿವೆ ಎಂದು ಎಚ್ಚರಿಸಿತು. ಬಂದವನು ಚಂದ್ರ. ಅವನಿಗೆ ಬಡಿದು ಮರಳಿದ ಅಲೆಗಳನ್ನು ಯಂತ್ರ ದಾಳಿಯೆಂದು ಓದಿತ್ತು.

ತತ್ತ್ವಚಿಂತಕ ಬ್ರಯನ್ ಕ್ಯಾಂಟ್‌ವೆಲ್ ಸ್ಮಿತ್ 1985ರಲ್ಲಿ ಈ ಪ್ರಸಂಗವನ್ನೇ ಹಿಡಿದು ಕೇಳಿದರು: ಪ್ರೋಗ್ರಾಮು ಜಗತ್ತಿನ ಬಗ್ಗೆ ನಾವು ಕಟ್ಟಿಕೊಂಡ ಮಾದರಿಗೆ ಹೊಂದುತ್ತದೆಂದು ಸಾಧಿಸಬಹುದು, ಮಾದರಿ ಜಗತ್ತಿಗೆ ಹೊಂದುತ್ತದೆಂದು ಸಾಧಿಸುವುದು ಹೇಗೆ?

ಮೊದಲು ಮಾದರಿ ಕಟ್ಟಿ, ಪರೀಕ್ಷಿಸಿ, ಅದರಿಂದಲೇ ಕೋಡ್ ಹುಟ್ಟಿಸುವ ಎಂಜಿನಿಯರಿಂಗಿಗೆ ಈ ಪ್ರಶ್ನೆ ಬೆನ್ನುಬಿಡದ ಬೇತಾಳ. 1998ರಲ್ಲಿ ಪ್ಯಾರಿಸ್ಸಿನಲ್ಲಿ ಚಾಲಕರಿಲ್ಲದ 14ನೇ ಮೆಟ್ರೋ ಮಾರ್ಗ ಆರಂಭವಾಯಿತು. ಅದರ ಸುರಕ್ಷತಾ ತಂತ್ರಾಂಶವನ್ನು 'ಬಿ' ಎಂಬ ಗಣಿತ ವಿಧಾನದಲ್ಲಿ ಬರೆದು, ಹಂತಹಂತವಾಗಿ ಸಾಧಿಸಿ, ಸುಮಾರು 86,000 ಸಾಲುಗಳ ಏಡಾ ಭಾಷೆಯ ಕೋಡಿಗೆ ಇಳಿಸಿದರು. ಅದ್ಭುತವೇ ಸರಿ. ಆದರೆ ಆ ಸುರಂಗವನ್ನೂ ನೋಡಬೇಕು: ಹಳಿ ಒಂದೇ ದಾರಿ, ಪ್ಲಾಟ್‌ಫಾರ್ಮಿಗೆ ಗಾಜಿನ ಬಾಗಿಲು. ಅಲ್ಲಿ ಮಾದರಿ ಜಗತ್ತಿಗೆ ಹೊಂದಿದ್ದಕ್ಕಿಂತ ಜಗತ್ತನ್ನೇ ಮಾದರಿಗೆ ತಕ್ಕಂತೆ ಕತ್ತರಿಸಿದ್ದು ಹೆಚ್ಚು.

ಆಕಾಶವನ್ನು ಹಾಗೆ ಕತ್ತರಿಸಲಾಗದು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿನಲ್ಲೇ ಚೂರಾಯಿತು. ಏರಿಯಾನ್ 4ರಿಂದ ಎತ್ತಿಕೊಂಡ ಕೋಡ್, 64 ಬಿಟ್ ಸಂಖ್ಯೆಯೊಂದನ್ನು 16 ಬಿಟ್‌ನಲ್ಲಿ ತುರುಕಲು ಹೋಗಿತ್ತು. ಆ ಬೆಲೆ ಅಷ್ಟು ದೊಡ್ಡದಾಗದು ಎಂಬ ನಂಬಿಕೆ ಹಳೆಯ ರಾಕೆಟ್ಟಿಗೆ ನಿಜ, ಹೊಸದಕ್ಕೆ ಸುಳ್ಳು.

ಗಣಿತಜ್ಞ ಝಾಕ್-ಲೂಯಿ ಲಿಯಾನ್ಸ್ ನೇತೃತ್ವದ ತನಿಖಾ ಮಂಡಳಿಯ ಸಲಹೆಗಳಲ್ಲಿ ಒಂದು, ಕೋಡಿನಲ್ಲಿ ಅಡಗಿರುವ ಊಹೆಗಳನ್ನೆಲ್ಲ ಗುರುತಿಸಿ ಎಂಬುದು. ತಾವು ಊಹಿಸಿದ್ದೇವೆಂದೇ ತಿಳಿಯದವರು ಅದನ್ನು ಪಟ್ಟಿ ಮಾಡುವ ಬಗೆ ಯಾವುದೆಂಬುದಕ್ಕೆ ಇಂದಿನ ಮಾದರಿ ಸಾಧನಗಳಲ್ಲೂ ಸಿದ್ಧ ಉತ್ತರವಿಲ್ಲ.