ಹಟವೋ ರೋಗವೋ

ಮಕ್ಕಳ ತಪ್ಪನ್ನು ಕ್ಷಮಿಸುವುದು ತಂದೆತಾಯಿಗಳಿಗೆ ಅಂಥ ಕಷ್ಟವೇನಲ್ಲ. ಕಣ್ಣೆದುರು ನಡೆಯುತ್ತಿರುವುದು ತಪ್ಪೇ ಅಥವಾ ಮತ್ತೇನೋ ಎಂಬುದು ತಿಳಿಯದೆ ಹೋದಾಗ ಏನು ಮಾಡಬೇಕು, ಅದು ಕಷ್ಟ.

ಯಲಹಂಕದ ಉಪನಗರದಲ್ಲಿ ಒಂದು ಮನೆ ಎಂದಿಟ್ಟುಕೊಳ್ಳೋಣ. ಹದಿನಾರು ವರ್ಷದ ಹುಡುಗ, ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದವನು. ಪಿ.ಯು.ಸಿ. ಸೇರಿದ ಮೇಲೆ ಗಂಟೆ ಹನ್ನೊಂದಾದರೂ ಹಾಸಿಗೆ ಬಿಡುವುದಿಲ್ಲ, ಊಟಕ್ಕೆ ಕರೆದರೆ ಸಿಡುಕುತ್ತಾನೆ, ಕ್ರಿಕೆಟ್ ಬ್ಯಾಟು ಅಟ್ಟ ಸೇರಿ ಆರು ತಿಂಗಳಾಯಿತು. ನಡುವೆ ಒಂದು ವಾರ ಮಾತ್ರ ರಾತ್ರಿಯೆಲ್ಲ ಎಚ್ಚರವಾಗಿದ್ದು, ಬಾಯಿಗೆ ಬಿಡುವಿಲ್ಲದಂತೆ ಮಾತನಾಡಿ, ಲೋಕವನ್ನೇ ಗೆಲ್ಲುವ ಯೋಜನೆ ಹಾಕಿದ. ಅಪ್ಪ ಇದನ್ನು ಸೋಮಾರಿತನವೆನ್ನುತ್ತಾರೆ. ಅಮ್ಮನಿಗೆ ಯಾರದೋ ದೃಷ್ಟಿ ತಾಗಿದೆಯೆಂಬ ಅನುಮಾನ. ಅಜ್ಜಿ, 'ವಯಸ್ಸು ಕಣಪ್ಪಾ, ಸರಿಹೋಗುತ್ತೆ' ಎಂದು ಸಮಾಧಾನ ಹೇಳುತ್ತಾರೆ.

ಮೂವರಲ್ಲಿ ಯಾರನ್ನೂ ಅವಿವೇಕಿಗಳೆಂದು ತಳ್ಳಿಹಾಕುವಂತಿಲ್ಲ. ಹದಿಹರೆಯದಲ್ಲಿ ನಿದ್ರೆಯ ಹೊತ್ತು ತಡವಾಗುವುದು ಶರೀರಧರ್ಮ. ಸಿಡುಕು ಯಾವ ಮನೆಯಲ್ಲಿಲ್ಲ? ಆದರೆ ಆ ವಯಸ್ಸಿನ ಖಿನ್ನತೆಯು ಕಣ್ಣೀರಾಗದೆ ಸಿಡುಕಾಗಿಯೇ ಹೊರಬರುವುದೂ ಉಂಟು. ಕುಗ್ಗು ಹಿಗ್ಗುಗಳು ಪಾಳಿಯ ಮೇಲೆ ಬರುವ ಬೈಪೋಲಾರ್ ಕಾಯಿಲೆ ಅನೇಕರಲ್ಲಿ ಮೊದಲು ಕುಗ್ಗಾಗಿ ಕಾಣಿಸಿಕೊಳ್ಳುತ್ತದೆ. ಹಿಗ್ಗಿನ ಸರದಿ ಬರುವವರೆಗೆ ಅದರ ಹೆಸರನ್ನು ಎಂಥ ಪಂಡಿತನೂ ಖಚಿತವಾಗಿ ಹೇಳಲಾರ. ಇದನ್ನು ಗುರುತಿಸುವ ರಕ್ತಪರೀಕ್ಷೆ ಇಲ್ಲ. ಎಷ್ಟು ಗಂಟೆ ಮಲಗಿದ, ಯಾವ ವಾರ ಮಾತು ಹೆಚ್ಚಾಯಿತು, ಹಣ ಹೇಗೆ ಖರ್ಚಾಯಿತು, ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೇ — ಮನೆಯವರು ಕಂಡ ಇಂಥ ಸಂಗತಿಗಳೇ ವೈದ್ಯನಿಗೆ ದೊಡ್ಡ ಆಧಾರ. 2015-16ರಲ್ಲಿ ನಿಮ್ಹಾನ್ಸ್ ನಡೆಸಿಕೊಟ್ಟ ರಾಷ್ಟ್ರೀಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯನ್ನು ಕಂಡಿತು. ಎಪ್ಪತ್ತು ಮಂದಿಯ ತರಗತಿಗೆ ಐವರೆಂದಾಯಿತು. ಹಾಜರಿ ಕೂಗುವ ನಮ್ಮಂಥವರಿಗೆ ಆ ಐವರು ಯಾರೆಂಬುದು ತಿಳಿಯುವುದಿಲ್ಲ. ತಿಳಿಯುವುದು 'ಗೈರುಹಾಜರಿ' ಎಂಬ ಒಂದು ಗುರುತು ಮಾತ್ರ.

ಹೆಸರು ಗೊತ್ತಾಗುವ ಮೊದಲೇ ತಂದೆತಾಯಿಗಳು ನಡೆದುಕೊಳ್ಳಬೇಕಾಗಿದೆ. ಬೈಯುವುದೇ, ಬಿಡುವುದೇ? ಅರ್ಜುನ ರಥದಲ್ಲಿ ಕುಸಿದು ಕುಳಿತಾಗ ಶ್ರೀಕೃಷ್ಣನಂಥವನೂ ಮೊದಲು ಮಾಡಿದ್ದು ಗದರಿಸಿದ್ದು. ಗದರಿಕೆ ಫಲಿಸಲಿಲ್ಲ, ಅರ್ಜುನ ಯುದ್ಧ ಮಾಡೆನೆಂದು ಸುಮ್ಮನಾಗಿಬಿಟ್ಟ. ಆಮೇಲೆ ನಡೆದದ್ದು ಹದಿನೇಳು ಅಧ್ಯಾಯಗಳ ಮಾತುಕತೆ. ಅರ್ಜುನನ ವಿಷಾದಕ್ಕೆ ಕಾರಣ ಎದುರಿಗೇ ನಿಂತಿತ್ತು, ನಮ್ಮ ಹುಡುಗನದಕ್ಕೆ ಕಾರಣವೇ ಕಾಣುವುದಿಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪ ಸರಿ. ಕಾರಣ ಕಾಣದ ವಿಷಾದಕ್ಕೆ ಗದರಿಕೆ ಇನ್ನೂ ನಿಷ್ಪ್ರಯೋಜಕವೆಂದಲ್ಲವೇ ಅದರ ತಾತ್ಪರ್ಯ?

ಇದಕ್ಕೆ ವಿರುದ್ಧವಾದ ಪ್ರಮಾದವೂ ಒಂದುಂಟು. ವೈದ್ಯರು ಕಾಯಿಲೆಗೆ ಹೆಸರಿಟ್ಟರೆಂದು ಹುಡುಗನ ಪ್ರತಿಯೊಂದು ನಡೆಯನ್ನೂ ಕಾಯಿಲೆಯ ಲೆಕ್ಕಕ್ಕೆ ಜಮೆ ಮಾಡುವುದು. ಅವನು ನ್ಯಾಯವಾಗಿಯೇ ಕೋಪಗೊಂಡರೂ 'ಮಾತ್ರೆ ತಗೊಂಡೆಯಾ?' ಎಂದು ಕೇಳುವುದು. ಬೈದ ಅಪ್ಪ ಕಡೆಯ ಪಕ್ಷ ಮಗನನ್ನು ಮನುಷ್ಯನೆಂದು ಎಣಿಸಿದ್ದರು; ಇಲ್ಲಿ ಅವನು ಲಕ್ಷಣಗಳ ಒಂದು ಪಟ್ಟಿಯಾಗಿಬಿಟ್ಟ. ಏಳಲಾರದವನಿಗೆ ಏಳೆಂದು ಆಜ್ಞಾಪಿಸುವುದು ಕ್ರೌರ್ಯ. ಎದ್ದ ದಿನ ತಟ್ಟೆ ತೊಳೆದಿಡೆಂದು ಹೇಳದಿರುವುದು ಅವಮಾನ ಎಂದು ನನ್ನ ಅಭಿಪ್ರಾಯ.

ಕಾಯುವುದಕ್ಕೂ ಕದ್ದು ನೋಡುವುದಕ್ಕೂ ನಡುವಣ ಗೆರೆ ಎಲ್ಲಿ? ಮಗನ ಡೈರಿ ಮೇಜಿನ ಮೇಲಿದೆ, ಫೋನು ಪಕ್ಕದಲ್ಲಿದೆ. ಹದಿನಾರರ ಹುಡುಗನಿಗೆ ಸ್ವಂತವೆಂದು ಇರುವುದು ಅಷ್ಟೇ. ಸುಮ್ಮನೆ ಸಂಶಯ ತೀರಿಸಿಕೊಳ್ಳಲೆಂದು ಅದನ್ನು ತೆರೆಯುವ ಅಧಿಕಾರ ನಮಗಿಲ್ಲ. ಜೀವಕ್ಕೇ ಅಪಾಯವಿದೆಯೆಂಬ ಭಯ ಹುಟ್ಟಿದಾಗ ಮಾತು ಬೇರೆ. ಆಗಲೂ ಡೈರಿಗಿಂತ ಮೊದಲ ದಾರಿ ನೇರವಾಗಿ ಕೇಳುವುದು: 'ಬದುಕುವುದೇ ಬೇಡ ಅನ್ನಿಸುತ್ತದೆಯೇನಪ್ಪಾ?' ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತುಂಬಿದಂತಾಗುವುದೆಂಬ ಹೆದರಿಕೆ ನಮ್ಮಲ್ಲಿ ಬಹಳ. ಅದು ನಿಜವಲ್ಲವೆಂದು ಈಗ ಚೆನ್ನಾಗಿ ತಿಳಿದಿದೆ. ಕೇಳಿಸಿಕೊಂಡವನಿಗೆ ಎಷ್ಟೋ ವೇಳೆ ಭಾರ ಇಳಿದಂತಾಗುತ್ತದೆ. ಮನೆಯಲ್ಲಿರುವ ಮಾತ್ರೆ, ಕ್ರಿಮಿನಾಶಕಗಳನ್ನು ಬೀಗದಲ್ಲಿಡುವುದು ಪತ್ತೇದಾರಿಕೆಯಲ್ಲ. 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಫೋನು ಮಾಡಬಹುದು, ತಂದೆತಾಯಿಗಳೂ ಮಾಡಬಹುದು.

ಆದರೆ ಫೋನು ಹಿಡಿದ ಕೈಯನ್ನು ತಡೆಯುವುದು ಮರ್ಯಾದೆಯ ಭಯ. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದಕ್ಕೆ ಅಖಿಲ ಭಾರತ ಸಂಸ್ಥೆ ಸೇರಿಕೊಂಡಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆದವು. ಹೆಸರು ಬದಲಾದಂತೆಲ್ಲ ನಗೆಯೂ ಜೊತೆಗೇ ಹೊಸ ವಿಳಾಸಕ್ಕೆ ಬಂದಿತು. ಇಂದಿಗೂ ಯಾರನ್ನಾದರೂ ಹಾಸ್ಯ ಮಾಡಬೇಕಾದರೆ 'ನಿಮ್ಹಾನ್ಸಿಗೆ ಸೇರಿಸಿ' ಎನ್ನುತ್ತೇವೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ಹೊಸೂರು ರಸ್ತೆಯವರೆಗೆ ಹೋಗುವ ಆ ದಾರಿ ಅಪ್ಪನಿಗೆ ಇಷ್ಟು ಉದ್ದವಾಗುವುದು ವಾಹನಗಳ ದಟ್ಟಣೆಯಿಂದ ಮಾತ್ರವಲ್ಲ. ಮಗನ ವಿಷಯವನ್ನು ನೆಂಟರಿಗೆ ಹೇಳದಿರುವುದು ಸರಿಯೇ, ಏಕೆಂದರೆ ಆ ವಿಷಯ ಅವನದು. ಆದರೆ ಮುಂದೆ ಮಗಳ ಮದುವೆಗೆ ಅಡ್ಡಿಯಾದೀತೆಂದು ವೈದ್ಯರಿಗೂ ಹೇಳದಿದ್ದರೆ ಆ ಗುಟ್ಟಿನ ಬೆಲೆ ತೆರುವವನು ಅವನೊಬ್ಬನೇ. ಅಪ್ರಾಪ್ತ ವಯಸ್ಕರನ್ನು ಆಸ್ಪತ್ರೆಗೆ ಸೇರಿಸಿದರೆ ಪೋಷಕರಾಗಲಿ ಅವರು ಗೊತ್ತುಮಾಡಿದವರಾಗಲಿ ಪೂರ್ತಿ ಜೊತೆಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದೆ. ಒಂಟಿಯಾಗಿ ಬಿಟ್ಟುಬಿಡುತ್ತಾರೆಂಬ ಹಳೆಯ ಭಯಕ್ಕೆ ಅಷ್ಟರಮಟ್ಟಿಗೆ ಉತ್ತರ ಸಿಕ್ಕಿದೆ.

ಆ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ: ಹನ್ನೆರಡು ವರ್ಷದ ತಂಗಿ. ಅಣ್ಣ ಬಾಗಿಲು ಬಡಿದರೆ ಎಲ್ಲರೂ ಮೆಲ್ಲಗೆ ಮಾತನಾಡುತ್ತಾರೆ. ಅವಳು ಬಡಿದರೆ ಏಟು. 'ಅವನಿಗೊಂದು ನ್ಯಾಯ, ನನಗೊಂದು ನ್ಯಾಯವೇ?' ಎಂದು ಅವಳು ಕೇಳುತ್ತಾಳೆ. ನಮ್ಮ ಚರ್ಚೆಯಲ್ಲೆಲ್ಲ ಇವಳ ಪ್ರಶ್ನೆಯೇ ಕಠಿಣವಾದದ್ದು. 'ಅವನು ಅಣ್ಣ, ನೀನು ಹುಡುಗಿ' ಎಂಬ ಸುಲಭವಾದ ಸುಳ್ಳು ಸಿದ್ಧವಾಗಿದೆ. ನಮ್ಮ ಮನೆಗಳಲ್ಲಿ ಅದೇ ಚಲಾವಣೆಯಲ್ಲಿರುವ ಉತ್ತರ. ಅದರ ಬದಲು, ಅಣ್ಣನ ಒಪ್ಪಿಗೆ ಪಡೆದು, ಅವನ ಮನಸ್ಸಿಗೆ ಹುಷಾರಿಲ್ಲವೇನೋ ಎಂದು ನಮಗೆ ಅನುಮಾನ, ಇನ್ನೂ ಖಂಡಿತವಾಗಿ ಗೊತ್ತಿಲ್ಲ, ನಿನ್ನ ಪಾಲಿಗೆ ಅನ್ಯಾಯವಾಗುತ್ತಿರುವುದು ನಿಜ ಎಂದು ಅವಳೊಡನೆ ಹೇಳಬಹುದು. ಹನ್ನೆರಡು ವರ್ಷದವಳಿಗೆ ಅಷ್ಟು ಅರ್ಥವಾಗುತ್ತದೆ. ಅಣ್ಣ ಸರಿರಾತ್ರಿಯಲ್ಲಿ ಮಹಡಿಯ ಮೇಲೆ ಓಡಾಡುವುದನ್ನು ಮೊದಲು ಕೇಳಿಸಿಕೊಂಡವಳೂ ಬಹುಶಃ ಅವಳೇ. ಅವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.