ಬಾಗಿದ ಬೆನ್ನಿನ ಮಗಳು ಕೇಳಿದ ಪ್ರಶ್ನೆ



ಒಂದು ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ರಾಬರ್ಟ್‌ಸನ್‌ಪೇಟೆಯ ತಂದೆಯೊಬ್ಬರು ಹದಿನಾಲ್ಕು ವರ್ಷದ ಮಗಳೊಂದಿಗೆ ನಮ್ಮ ಮನೆಗೆ ಬಂದರು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಬಳಿಕ ಕೆ.ಜಿ.ಎಫ್.ನ ಅನೇಕರಂತೆ ಅವರೂ ನಸುಕಿನ ರೈಲು ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುವವರು. ಮಗಳ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ. ವೈದ್ಯರು ಇದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಬಾಗು 52 ಡಿಗ್ರಿ. ಆಪರೇಷನ್ ಬಗ್ಗೆ ಯೋಚಿಸಿರಿ ಎಂದು ಹೇಳಿ ಕಳುಹಿಸಿದ್ದಾರೆ.

ತಂದೆ ಖರ್ಚಿನ ಮಾತಾಡುತ್ತಿದ್ದರು. ಹುಡುಗಿ ನಡುವೆ ಕೇಳಿದಳು: "ಹಜ್ರತ್, ಅಲ್ಲಾಹನು ಕೊಟ್ಟ ಬೆನ್ನನ್ನು ಕಂಬಿ ಹಾಕಿಸಿ ನೆಟ್ಟಗೆ ಮಾಡಿಸಿಕೊಂಡರೆ ಗುನಾಹ್ ಅಲ್ಲವೇ? ಆಮೇಲೆ ನಾನು ಸಜ್ದಾ ಮಾಡುವುದು ಹೇಗೆ?"

ಮೊದಲ ಪ್ರಶ್ನೆಗೆ ನಮ್ಮಲ್ಲಿ ಹಳೆಯ ಉತ್ತರವಿದೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ) ಬೆಳ್ಳಿಯ ಮೂಗು ಹಾಕಿಸಿಕೊಂಡರು. ಅದು ಕೆಟ್ಟು ವಾಸನೆ ಬಂದಾಗ ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿ(ಸ)ರವರೇ ಹೇಳಿದರೆಂದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ವರದಿಯಾಗಿದೆ. ಪುರುಷರಿಗೆ ನಿಷಿದ್ಧವಾದ ಚಿನ್ನವೇ ಚಿಕಿತ್ಸೆಗೆ ಅನುಮತಿಸಲ್ಪಟ್ಟಿತು. (ಚಿನ್ನದ ಊರಿನವರಾದ ನಾವು ಈ ಹದೀಸನ್ನು ಮರೆಯಬಾರದು.) ಶೃಂಗಾರಕ್ಕಾಗಿ ಸೃಷ್ಟಿಯನ್ನು ಬದಲಿಸುವುದು ಬೇರೆ, ಕಾಯಿಲೆಗೆ ಮದ್ದು ಮಾಡುವುದು ಬೇರೆ.

ಎರಡನೆಯದಕ್ಕೂ ಹೇಳಿದೆ. ರುಕೂವಿನಲ್ಲಿ ನಾವು ಬಹುಮಟ್ಟಿಗೆ ಬಾಗುವುದು ಸೊಂಟದ ಕೀಲಿನಿಂದ. ಕಂಬಿ ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಗುಣವಾದ ಮೇಲೆ ಬಾಗಬಲ್ಲರು. ಅಲ್ಲಿಯವರೆಗೆ, ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ) ತೋರಿಸಿದ ದಾರಿಯಿದೆ: ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ. ಸನ್ನೆಯಿಂದ ಮಾಡುವ ಸಜ್ದಾವೂ ಸಜ್ದಾವೇ. ಆ ಮಗುವಿನ ಮುಖ ಸ್ವಲ್ಪ ತಿಳಿಯಾಯಿತು.

ಆದರೆ ನನ್ನ ಮನಸ್ಸಿಗೆ ನೋವಾದದ್ದು ಬೇರೆ ವಿಷಯ. ಎರಡು ವರ್ಷದ ಹಿಂದೆ ಈದ್‌ಗೆ ಹೊಲಿಸಿದ ಕಮೀಝ್ ಒಂದು ಪಕ್ಕ ಮೇಲೇರುತ್ತಿತ್ತು. ದರ್ಜಿಯ ತಪ್ಪೆಂದರು. ಒಂದು ಭುಜ ಎತ್ತರವಿರುವುದು ಕಂಡಾಗ, ಸ್ಕೂಲ್ ಬ್ಯಾಗಿನ ಭಾರವೆಂದರು. ಆಮೇಲೆ ಎಣ್ಣೆ, ತಾಯಿತ, ಮೂಳೆ ಕಟ್ಟುವವರು. ಕೊನೆಗೆ, "ಯಾರಿಗೂ ಹೇಳಬೇಡಿ, ನಾಳೆ ರಿಶ್ತಾ ಬರುವುದಿಲ್ಲ" ಎಂಬ ಬಂಧುಗಳ ಬುದ್ಧಿವಾದ. ಹರೆಯದಲ್ಲಿ ಬರುವ ಈ ಬಾಗಿಗೆ ಹೆಚ್ಚಿನವರಲ್ಲಿ ಕಾರಣವೇ ತಿಳಿಯದು. ಬ್ಯಾಗೂ ಅಲ್ಲ, ಕುಳಿತ ರೀತಿಯೂ ಅಲ್ಲ, ತಾಯಿಯ ಪಾಪವೂ ಅಲ್ಲ. ಮೂಳೆ ಬೆಳೆಯುತ್ತಿರುವಾಗ, ಬಾಗು 25ರಿಂದ 40 ಡಿಗ್ರಿಯೊಳಗೆ ಇರುವಾಗ, ಬ್ರೇಸ್ ಎಂಬ ಪಟ್ಟಿ ತೊಡಿಸಿದರೆ ಅದು ಹೆಚ್ಚದಂತೆ ತಡೆಯಲು ಬಹಳ ಮಟ್ಟಿಗೆ ಸಾಧ್ಯ. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 13 ಗಂಟೆ ಅಥವಾ ಹೆಚ್ಚು ತೊಟ್ಟವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಫಲ ಸಿಕ್ಕಿತು. ಆ ಸಮಯವನ್ನು ನಾವು ನಾಚಿಕೆಯಲ್ಲಿ ಕಳೆದೆವು.

ತಾಯಂದಿರೇ, ಹತ್ತು ಹನ್ನೆರಡರ ಮಗುವನ್ನು ರುಕೂ ಮಾಡುವಂತೆ ಬಾಗಿಸಿ ಹಿಂದಿನಿಂದ ನೋಡಿರಿ. ಬೆನ್ನಿನ ಒಂದು ಪಕ್ಕ ಉಬ್ಬಿದ್ದರೆ ಮೂಳೆ ವೈದ್ಯರ ಬಳಿಗೆ ಹೋಗಿರಿ.

ಇನ್ನು ರಿಶ್ತಾದ ಮಾತು. ಅಬ್ದುಲ್ಲಾ ಬಿನ್ ಮಸ್ಊದ್(ರ)ರ ಕಾಲುಗಳು ಬಹಳ ತೆಳ್ಳಗಿದ್ದವು. ಗಾಳಿಗೆ ಬಟ್ಟೆ ಸರಿದಾಗ ಜನ ನಕ್ಕರು. ಆ ಕಾಲುಗಳು ಅಂತಿಮ ದಿನದ ತಕ್ಕಡಿಯಲ್ಲಿ ಉಹುದ್ ಪರ್ವತಕ್ಕಿಂತಲೂ ಭಾರವೆಂದು ಪ್ರವಾದಿ(ಸ) ತಿಳಿಸಿದರು.  ನಾವು ಮದುವೆಯ ಮನೆಯಲ್ಲಿ ಹುಡುಗಿಯ ಭುಜ ಅಳೆಯುತ್ತೇವೆ!

"ಆಪರೇಷನ್ ಬಿಟ್ಟು ತವಕ್ಕುಲ್ ಮಾಡಿದರೆ ಸಾಲದೇ?" ಎಂದು ತಂದೆ ಕೇಳಿದರು. ಅವರ ತಂದೆ ಗಣಿಯಲ್ಲಿ ಇಳಿದವರು. ಪಂಜರ ಏರುವಾಗ ಬಿಸ್ಮಿಲ್ಲಾ ಹೇಳುತ್ತಿದ್ದರು. ಆದರೆ ಪಂಜರದ ಹಗ್ಗ ಪರೀಕ್ಷಿಸದೆ ಯಾರನ್ನೂ ಇಳಿಸುತ್ತಿರಲಿಲ್ಲವಲ್ಲ ಎಂದೆ. 50 ಡಿಗ್ರಿ ದಾಟಿದ ಬಾಗು ಬೆಳವಣಿಗೆ ನಿಂತ ಮೇಲೂ ನಿಧಾನವಾಗಿ ಹೆಚ್ಚಬಹುದು. ಬಹಳ ಹೆಚ್ಚಿದರೆ ಉಸಿರಾಟಕ್ಕೂ ತೊಂದರೆ. ಆಪರೇಷನ್‌ನಲ್ಲಿಯೂ ಅಪಾಯವಿದೆ: ಸೋಂಕು, ರಕ್ತಸ್ರಾವ, ಅಪರೂಪಕ್ಕೆ ನರಕ್ಕೆ ಪೆಟ್ಟು. ಹೀಗಿರುವಾಗ ಮಾಡಿಸಿರಿ ಅಥವಾ ಬೇಡ ಎಂದು ಫತ್ವಾ ಕೊಡಲು ನಾನು ಯಾರು? ಬಲ್ಲವರನ್ನು ಕೇಳಬೇಕೆಂಬುದು ಕುರ್‌ಆನಿನ ಆದೇಶ. ಇನ್ನೊಬ್ಬ ತಜ್ಞರನ್ನು ಕಾಣಿರಿ, ಇಸ್ತಿಖಾರಾ ಮಾಡಿರಿ, ಮಗಳ ಮಾತನ್ನೂ ಕೇಳಿರಿ. ಬೆನ್ನು ಅವಳದು ಎಂದೆ.

ನಾಡಿದ್ದು ಅವರು ಬೆಳಗಿನ ರೈಲಿಗೆ ಹೊರಡುತ್ತಾರೆ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಹುಡುಗಿ ತಾನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಈ ಸಲ ಗುಟ್ಟಾಗಿ ಅಲ್ಲ, ನೆರೆಹೊರೆಯವರಿಗೆ ಹೇಳಿಯೇ ಹೋಗುತ್ತಿದ್ದಾರೆ. ನಿಮ್ಮ ದುಆದಲ್ಲಿ ಅವಳನ್ನು ಸೇರಿಸಿಕೊಳ್ಳಿರಿ.